ಕ್ರಿ.ಶ. 529: ಮುಚ್ಚಿದ್ದು ಯಾವ ಬಾಗಿಲು?

ಪ್ರಾಚೀನ ಯುಗ ಮುಗಿದದ್ದು ಯಾವಾಗ ಎಂದರೆ ಕೆಲವರು ಕ್ರಿ.ಶ. 529 ಎನ್ನುತ್ತಾರೆ. ಆ ವರ್ಷ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನ ಪ್ಲೇಟೋನ ಅಕಾಡೆಮಿಯನ್ನು ಮುಚ್ಚಿಸಿದ; ಅದೇ ವರ್ಷ ಇಟಲಿಯ ಮಾಂಟೆ ಕಸಿನೋ ಬೆಟ್ಟದಲ್ಲಿ ಸಂತ ಬೆನೆಡಿಕ್ಟ್ ಮಠ ಕಟ್ಟಿದ. ಇಷ್ಟು ಅಚ್ಚುಕಟ್ಟಾದ ವರ್ಷ ಕಂಡರೆ ನನಗೆ ಗುಮಾನಿ.

ಮಠದ ಇಸವಿ ಬರೀ ಸಂಪ್ರದಾಯ ಹೇಳುವಂಥದ್ದು. ಪ್ಲೇಟೋನ ಮೂಲ ಅಕಾಡೆಮಿಯಂತೂ ಕ್ರಿ.ಪೂ. 86ರ ಹೊತ್ತಿಗೆ, ರೋಮನ್ ಸೇನಾನಿ ಸುಲ್ಲಾನ ಮುತ್ತಿಗೆಯಲ್ಲೇ ಹಾಳಾಗಿತ್ತು. 529ರಲ್ಲಿ ಅಲ್ಲಿದ್ದುದು ದಮಾಸ್ಕಿಯಸ್ ನಡೆಸುತ್ತಿದ್ದ ನವಪ್ಲೇಟೋವಾದಿಗಳ ಶಾಲೆ. ಅಥೆನ್ಸಿನಲ್ಲಿ ಯಾರೂ ತತ್ತ್ವಶಾಸ್ತ್ರ ಕಲಿಸಕೂಡದೆಂಬ ಆಜ್ಞೆ ಹೊರಟಿತೆಂದು ಚರಿತ್ರಕಾರ ಮಲಾಲಸ್ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತಾನೆ. ಖಚಿತ ತಾರೀಖು ಇರುವುದು ಜಸ್ಟಿನಿಯನ್‌ನ ಕಾನೂನು ಸಂಹಿತೆಗೆ: ಏಪ್ರಿಲ್ 16ರಂದು ಅದು ಜಾರಿಗೆ ಬಂತು.

ನನಗೆ ಮುಖ್ಯವೆನಿಸುವುದು ಶಾಲೆಯವರಿಗೆ ಆಮೇಲೆ ಏನಾಯಿತು ಎಂಬುದು. ಅಗಾಥಿಯಸ್ ಬರೆದಂತೆ ದಮಾಸ್ಕಿಯಸ್, ಸಿಂಪ್ಲಿಕಿಯಸ್ ಸೇರಿ ಏಳು ಮಂದಿ ಪರ್ಷಿಯಾದ ದೊರೆ ಖುಸ್ರೋನ ಆಸ್ಥಾನಕ್ಕೆ ಹೋದರು. (ನಮ್ಮ ಪಂಚತಂತ್ರ ಪಹ್ಲವಿ ಭಾಷೆಗೆ ಹೋದದ್ದೂ ಇದೇ ಖುಸ್ರೋನ ಕಾಲದಲ್ಲಿ.) ಅಲ್ಲಿ ಅವರಿಗೆ ನಿರಾಸೆಯಾಯಿತು. ಆದರೆ 532ರಲ್ಲಿ ರೋಮನ್ನರ ಜೊತೆ ಆದ ಒಪ್ಪಂದದಲ್ಲಿ ಖುಸ್ರೋ ಒಂದು ಷರತ್ತು ಸೇರಿಸಿದ: ಇವರು ಊರಿಗೆ ಮರಳಬಹುದು, ಮತ ಬದಲಿಸುವಂತೆ ಯಾರೂ ಬಲವಂತ ಮಾಡುವಂತಿಲ್ಲ.

ಹಿಂದಿರುಗಿದ ಸಿಂಪ್ಲಿಕಿಯಸ್ ಅರಿಸ್ಟಾಟಲನಿಗೆ ಭಾಷ್ಯ ಬರೆಯುತ್ತ ಕೂತ. ಅವನಿಗಿಂತ ಸಾವಿರ ವರ್ಷ ಹಿಂದಿನ ಪಾರ್ಮೆನಿಡೀಸನ ಕಾವ್ಯದ ಸಾಲುಗಳನ್ನು ಅದರಲ್ಲಿ ಉದ್ದಕ್ಕೆ ನಕಲು ಮಾಡಿಟ್ಟ. ಆ ಪುಸ್ತಕ ಸಿಗುವುದು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ ಎಂದು ಕಾರಣವನ್ನೂ ಕೊಟ್ಟ. ಮೂಲ ಆಮೇಲೆ ಕಳೆದೇ ಹೋಯಿತು. ಇಂದು ನಾವು ಓದುವ ಪಾರ್ಮೆನಿಡೀಸ್ ಬಹುಪಾಲು ಆ ನಕಲಿನಿಂದ ಬಂದವನು.