ತುಂಗಭದ್ರಾ ಸೀಮೆಯ ಪಟ್ಟಣ ಚರ್ಚುಗಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳೂ ಅವುಗಳ ನೆರೆಯ ಹರಿಹರ, ಶಿವಮೊಗ್ಗ, ಭದ್ರಾವತಿಗಳೂ ಸೇರಿದ ಸೀಮೆಯಲ್ಲಿ ಬೆಳೆದುಬಂದ ಕ್ರೈಸ್ತ ದೇವಾಲಯಗಳ ಚರಿತ್ರೆಯು, ಸಂಖ್ಯೆಯನ್ನೇ ಪ್ರಮಾಣವೆಂದು ಹಿಡಿದರೆ, ಅತ್ಯಲ್ಪ ಸಮುದಾಯವೊಂದರ ಚರಿತ್ರೆ. 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ಸುಮಾರು 11.43 ಲಕ್ಷ, ಎಂದರೆ ಜನಸಂಖ್ಯೆಯ ಶೇ. 1.87, ದಾವಣಗೆರೆ ಜಿಲ್ಲೆಯಲ್ಲಿ ಆ ಪ್ರಮಾಣ ಶೇ. 1ನ್ನೂ ಮುಟ್ಟದು. ಹೀಗಿದ್ದೂ ಪಟ್ಟಣದ ನಡುವೆ, ಬಸ್ ನಿಲ್ದಾಣಕ್ಕೋ ಪೇಟೆಗೋ ಹತ್ತಿರದಲ್ಲಿ, ಶಾಲೆಯೊಂದನ್ನು ಮಗ್ಗುಲಲ್ಲಿಟ್ಟುಕೊಂಡು ನಿಂತಿರುವ ಚರ್ಚು ಊರಿನ ಸಮಸ್ತರಿಗೂ ಪರಿಚಿತವಾಗಿರುವುದಕ್ಕೆ ಕಾರಣವನ್ನು ಅದರ ಸದಸ್ಯರ ಪಟ್ಟಿಯಲ್ಲಿ ಹುಡುಕಿದರೆ ಸಿಗದು; ಸದಸ್ಯರಲ್ಲದವರಿಗೆ ಅದು ತೆರೆದಿಟ್ಟ ಬಾಗಿಲಿನಲ್ಲಿ ಹುಡುಕಬೇಕು.

ಚನ್ನಗಿರಿಗೆ ತನ್ನ ಹೆಸರನ್ನಿತ್ತಳೆಂಬ ಪ್ರತೀತಿಯುಳ್ಳ ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಪೋರ್ಚುಗೀಸರೊಡನೆ ಏರ್ಪಟ್ಟ ಒಪ್ಪಂದವು ಕರಾವಳಿಯ ಕೆಲವೆಡೆ ಚರ್ಚುಗಳನ್ನು ಕಟ್ಟಲು ಅನುಮತಿಯಿತ್ತಿತು. ಅಕ್ಕಿ ಮೆಣಸುಗಳ ವ್ಯಾಪಾರವು ಇದರ ಹಿನ್ನೆಲೆಯಲ್ಲಿತ್ತೆಂಬುದು ನಿಜವಾದರೂ, ವೀರಶೈವ ಅರಸುಮನೆತನವೊಂದು ಅನ್ಯಮತದ ಆರಾಧನೆಗೆ ನೆಲವನ್ನು ಕೊಟ್ಟಿತೆಂಬ ಸಂಗತಿ ಅದರಿಂದ ಚಿಕ್ಕದಾಗುವುದಿಲ್ಲ. ಘಟ್ಟದ ಮೇಲೆ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಅದಕ್ಕೂ ಮುಂಚೆ, 1649ರ ಸುಮಾರಿಗೇ, ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ್ದನು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದೊಯ್ದುದರಿಂದ ಚದರಿಹೋದ ಸಮುದಾಯವನ್ನು 1799ರ ತರುವಾಯ ಮತ್ತೆ ಒಟ್ಟುಗೂಡಿಸಿದವನು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಆತನು ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಸ್ಥಾಪಿಸಿದನು. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಪ್ರಚುರಗೊಳಿಸಲು ಬಹುವಾಗಿ ಶ್ರಮಿಸಿದನು. ಬೋಧನೆಗಿಂತ ಮುಂಚೆ ಔಷಧವೂ ಅಕ್ಷರವೂ ಜನರ ಮನೆಯನ್ನು ಹೊಕ್ಕ ಈ ಕ್ರಮವೇ ಮುಂದೆ ಈ ಭಾಗದ ಚರ್ಚುಗಳ ರೂಢಿಯಾಯಿತು.

ಪ್ರೊಟೆಸ್ಟಂಟರ ಕಾರ್ಯವು ಎರಡು ದಿಕ್ಕುಗಳಿಂದ ಬಂದಿತು. ಜಗಳೂರಿಗೆ ಉತ್ತರದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆನಿಂತನು. ಅಲ್ಲಿಯ ಶ್ರಮದ ಫಲವಾಗಿ ಇಡೀ ಬೈಬಲು 1831ರ ಹೊತ್ತಿಗೆ ಕನ್ನಡದಲ್ಲಿ ದೊರೆಯಿತು. ದಕ್ಷಿಣದಿಂದ ವೆಸ್ಲಿಯನ್ ಮಿಷನ್ನಿನವರು ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಶಾಲೆಗಳನ್ನು ತೆರೆಯುತ್ತ ಶಿವಮೊಗ್ಗದವರೆಗೂ ಬಂದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟಾಗ ಈ ಪರಂಪರೆಗಳು ಒಂದೇ ಆಡಳಿತದಲ್ಲಿ ಕೂಡಿದವು.

ಊರಿನ ಚರ್ಚಿಗೆ ಸ್ಥಿರವಾದ ಸಭೆಯನ್ನು ಕೂಡಿಸಿಕೊಟ್ಟ ಶ್ರೇಯಸ್ಸು ಮಿಷನರಿಗಳದಷ್ಟೇ ಅಲ್ಲ. ರೈಲೂ ಕಾರ್ಖಾನೆಯೂ ಅದರಲ್ಲಿ ಪಾಲುದಾರರು. ರೈಲುಮಾರ್ಗವು ಹರಿಹರವನ್ನು ಮುಟ್ಟಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಇವುಗಳ ಬೆನ್ನಿಗೆ ಬಂದ ತಮಿಳು, ಕೊಂಕಣಿ, ಮಲಯಾಳ ಕುಟುಂಬಗಳು ಸ್ಥಳೀಯ ಕನ್ನಡ ಕ್ರೈಸ್ತರ ಪಕ್ಕದಲ್ಲಿಯೇ ಮೊಣಕಾಲೂರಿದವು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಲ್ಯಾಟಿನ್ನಿನ ಸ್ಥಾನವನ್ನು ದೇಶಭಾಷೆಗಳು ಪಡೆದಾಗ, ಮನೆಯಲ್ಲಿ ನಾಲ್ಕು ನುಡಿಗಳನ್ನಾಡುತ್ತಿದ್ದ ಈ ಸಭೆಗಳಿಗೆ ಕನ್ನಡದ ಬಲಿಪೂಜೆಯೇ ಸಮಾನ ಪೀಠವಾಯಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ತಮಿಳುಗಳ ನಡುವೆ ಉಂಟಾದ ಕಲಹವನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲವೆಂದು ಹೇಳಬೇಕು.

ಆಡಳಿತದ ವಿಷಯ ಸಂಕ್ಷಿಪ್ತ. 1963ರಲ್ಲಿ ಮೈಸೂರಿನಿಂದ ಚಿಕ್ಕಮಗಳೂರು ಧರ್ಮಕ್ಷೇತ್ರವು ಬೇರ್ಪಟ್ಟಿತು. 1988ರ ನವೆಂಬರ್ 14ರಂದು ಶಿವಮೊಗ್ಗ ಧರ್ಮಕ್ಷೇತ್ರವು ಉದಯಿಸಿತು. ಇಗ್ನೇಷಿಯಸ್ ಪಿಂಟೋ ಅದರ ಮೊದಲ ಧರ್ಮಾಧ್ಯಕ್ಷರು. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿರುವ ಪವಿತ್ರ ಹೃದಯ ಪ್ರಧಾನಾಲಯ, ರೋಮನ್ ಹಾಗೂ ಗಾಥಿಕ್ ಶೈಲಿಗಳು ಬೆರೆತ, ಸುಮಾರು 18,000 ಚದರಡಿಯ ಪ್ರಾರ್ಥನಾ ಮಂದಿರವುಳ್ಳ ಕಟ್ಟಡ. ಅದನ್ನು ನೋಡಲು ಬರುವವರಲ್ಲಿ ಪ್ರವಾಸಿಗಳೂ ಇದ್ದಾರೆ. ಆದರೆ ವೈಶಾಲ್ಯವೊಂದೇ ಆತಿಥ್ಯವಾಗದು, ಭವ್ಯವಾದ ಕಟ್ಟಡವು ಸಂಕೋಚದ ಮನುಷ್ಯನನ್ನು ಮೆಟ್ಟಿಲಲ್ಲೇ ತಡೆಯುವುದೂ ಉಂಟು.

ಅಂಥ ಸಂಕೋಚವಿಲ್ಲದೆ ಜನರು ಒಳಗೆ ಬರುವ ಸ್ಥಳವನ್ನು ಕಾಣಬೇಕಾದರೆ ಹರಿಹರಕ್ಕೇ ಹೋಗಬೇಕು. ಹೊಯ್ಸಳರ ದಂಡನಾಯಕ ಪೊಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ವಿಷ್ಣು ಶಿವರನ್ನು ಒಂದೇ ವಿಗ್ರಹದಲ್ಲಿ ಕೂಡಿಸಿದ ಊರು ಅದು. ಅದೇ ಊರಿನಲ್ಲಿ ಆರೋಗ್ಯ ಮಾತೆಯ ಪುಣ್ಯಕ್ಷೇತ್ರವೂ ಇದೆ. ಪ್ರತಿವರ್ಷ ಸೆಪ್ಟೆಂಬರ್ 8ರ ಮಾತೆಯ ಜನ್ಮೋತ್ಸವಕ್ಕೆ ಮುಂಚಿತವಾಗಿ ಒಂಬತ್ತು ದಿನಗಳ ನವೇನ ನಡೆಯುತ್ತದೆ. ಹರಕೆ ಹೊತ್ತವರು ಮೇಣದ ಬತ್ತಿ ಹಚ್ಚುತ್ತಾರೆ, ಹೂವು ತರುತ್ತಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇರುತ್ತಾರೆ. ಮಗುವಿಗೆ ಮೈಸರಿಯಿಲ್ಲದ ತಾಯಿ ಮೊದಲು ಕೇಳುವುದು ಮಾತೆಯ ಮಹಿಮೆಯನ್ನೇ ಹೊರತು ಮತತತ್ತ್ವವನ್ನಲ್ಲ. 2019ರಲ್ಲಿ ಈ ಕ್ಷೇತ್ರಕ್ಕೆ ಪೋಪ್ ಫ್ರಾನ್ಸಿಸ್ಸರು ಕಿರು ಬಸಿಲಿಕದ ಗೌರವವನ್ನಿತ್ತರು; ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಕ್ಷೇತ್ರಕ್ಕೆ 2016ರಲ್ಲಿ ಅದೇ ಪದವಿ ದೊರೆತಿತ್ತು. ಎರಡೆಡೆಯಲ್ಲೂ ರೋಮ್ ಮನ್ನಣೆಯಿತ್ತುದು, ಜನರು ಬಹುಕಾಲದಿಂದ ತಾವಾಗಿಯೇ ನಡೆಸಿಕೊಂಡು ಬಂದಿದ್ದ ಭಕ್ತಿಗೆ.

ಭವಿಷ್ಯದ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಓದಿದ ತರುಣರು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗುವುದರಿಂದ ಅಡಿಕೆ ಮತ್ತು ಮೆಕ್ಕೆಜೋಳದ ವ್ಯಾಪಾರವನ್ನು ನೆಚ್ಚಿದ ಸಣ್ಣ ಪಟ್ಟಣಗಳ ಸಭೆಗಳಲ್ಲಿ ಹಿರಿಯರೇ ಉಳಿಯುತ್ತಾರೆ. ಮಲಯಾಳ ಮೂಲದ ವಲಸಿಗರಿಗಾಗಿ 2007ರಲ್ಲಿ ಸ್ಥಾಪಿತವಾದ ಭದ್ರಾವತಿಯ ಸೀರೋ-ಮಲಬಾರ್ ಧರ್ಮಕ್ಷೇತ್ರವು ಅವರ ಪ್ರಾಚೀನ ವಿಧಿಯನ್ನು ಕಾಪಾಡಿತು, ಆದರೆ ಒಂದೇ ಊರಿನ ಅಲ್ಪಸಂಖ್ಯಾತರನ್ನು ಎರಡು ಅಂಗಳಗಳಿಗೆ ಹಂಚಿತೆಂಬುದನ್ನೂ ಮರೆಮಾಚಲಾಗದು. ಮತಾಂತರವನ್ನು ನಿರ್ಬಂಧಿಸುವ 2022ರ ಧರ್ಮ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು, ಅದನ್ನು ಹಿಂತೆಗೆದುಕೊಳ್ಳಲು ಸಚಿವ ಸಂಪುಟವು 2023ರ ಜೂನ್‌ನಲ್ಲಿ ನಿರ್ಧರಿಸಿದ್ದರೂ, ಅನ್ಯರನ್ನು ಆದರದಿಂದ ಒಳಕರೆಯುವ ಸಾಮಾನ್ಯ ಕೃತ್ಯಕ್ಕೂ ಸಂಶಯದ ಲೇಪವನ್ನು ಅಂಟಿಸಿತು. ಚರ್ಚಿನ ಪುಸ್ತಕಗಳಲ್ಲಿ ದೀಕ್ಷಾಸ್ನಾನಕ್ಕೆ ದಾಖಲೆಯಿದೆ, ವಿವಾಹಕ್ಕೆ ಇದೆ, ಮರಣಕ್ಕೆ ಇದೆ. ಕಾಣಿಕೆ ಹಾಕಿ, ಕೈಮುಗಿದು, ತನ್ನ ಮತದಲ್ಲಿಯೇ ಮನೆಗೆ ಮರಳುವ ಭಕ್ತನಿಗೆ ಮಾತ್ರ ಅಲ್ಲಿ ಅಂಕಣವಿಲ್ಲ. ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಇಂಥ ಮನೆಗಳವರೇ ಆಗಿರುವುದರಿಂದ, ಈ ಜನರಿಗೆ ಸಭೆಯ ಜೀವನದಲ್ಲಿ ಯಾವ ಸ್ಥಾನವನ್ನು ಕೊಡಬೇಕೆಂಬುದನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತುಗಳು ಬಹುಕಾಲ ಮುಂದೂಡಲಾರವು.