ಹಂಚಿನ ಅಡಿಬರಹ

ಮಂಗಳೂರಿನ ಯಾವುದಾದರೊಂದು ಹಳೆಯ ಮಾಡಿನಿಂದ ಕಳಚಿದ ಹಂಚನ್ನು ಕೈಗೆತ್ತಿಕೊಂಡು, ಅಡುಗೆಮನೆಯ ಮಸಿಯನ್ನೂ ಜೇಡನ ಬಲೆಯನ್ನೂ ಒರೆಸಿ, ಮಗುಚಿ ನೋಡಿದರೆ, ಮೊದಲು ಬೆರಳಿಗೆ ತಾಗಿ ಆಮೇಲೆ ಕಣ್ಣಿಗೆ ಕಾಣುವ ಉಬ್ಬಕ್ಷರಗಳಲ್ಲಿ ಬಾಸೆಲ್ ಮಿಶನ್ನಿನ ಹೆಸರೂ, ಅನೇಕ ವೇಳೆ 1865 ಎಂಬ ಅಂಕೆಯೂ ಇರುತ್ತವೆ. ಆ ಅಂಕೆಯನ್ನು ಕಂಡು ತಮ್ಮ ಮನೆಗೆ ಅಷ್ಟು ವಯಸ್ಸಾಯಿತೆಂದು ಹಿಗ್ಗುವವರು ಉಂಟು. ಅದಾದರೋ ಜೆಪ್ಪಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿಯು ಕಾರ್ಖಾನೆಯನ್ನು ತೆರೆದ ವರ್ಷವೇ ಹೊರತು, ಆ ಹಂಚು ಆವಿಗೆಯಿಂದ ಹೊರಬಂದ ವರ್ಷವಲ್ಲ. ಮೊದಲ ಮಹಾಯುದ್ಧದ ತರುವಾಯ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುದರಿಂದ, ಒಂದೇ ಮಾಡಿನಲ್ಲಿ ಎರಡೂ ಹೆಸರುಗಳು ಬೆರೆತು ಸಿಕ್ಕಿದರೆ, ಆ ಮಾಡು ಯುದ್ಧಾನಂತರ ರಿಪೇರಿಯಾದುದೆಂದು ಧಾರಾಳವಾಗಿ ಊಹಿಸಬಹುದು.

ಮಳೆಗಾಲಕ್ಕೆ ಮುಂಚೆ ಬರುವ ತುಳುವರ ಪತ್ತನಾಜೆಯ ದಿನ ಸಮೀಪಿಸುತ್ತಿದ್ದಂತೆಯೇ ಏಣಿ ಚಾಚಿ ಹಂಚು ಕೈಯಾಡಿಸಲು ಹತ್ತುತ್ತಿದ್ದ ಮೇಸ್ತ್ರಿಗೆ, ಯಾವ ಪಕ್ಕಾಸಿಗೆ ಗೆದ್ದಲು ಹತ್ತಿದೆ, ಯಾವ ರೀಪು ಹೋದ ವರ್ಷ ಬದಲಾದದ್ದು, ಯಾವ ಮೂಲೆಗೆ ತೆಂಗಿನ ಮಡಲು ಬಿದ್ದು ಹಂಚು ಬಿರಿದದ್ದು ಎಂಬುದೆಲ್ಲ ಬಾಯಿಪಾಠವಾಗಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಊರಿನಲ್ಲಿ ಮನೆಗೆ ಅದೇ ರಕ್ಷೆ. ಅವನು ಕಾಲವಾದರೆ ಆ ಲೆಕ್ಕವೂ ಅವನೊಡನೆಯೇ ಹೋಗುತ್ತಿತ್ತು.

ವಾಸದ ಮನೆಯಾದರೆ ಸೋರುವಲ್ಲಿ ಪಾತ್ರೆಯಿಟ್ಟು ಒಂದು ಮಳೆಗಾಲವನ್ನು ಕಳೆಯಬಹುದು. ಕರ್ನಲ್ ಮಿರಜ್ಕರರು 1935ರಲ್ಲಿ ಹಡಗಿನ ಆಕಾರದಲ್ಲಿ ಕಟ್ಟಿಸಿ, ತಾಯಿಯ ನೆನಪಿಗೆಂದು ದಾನವಿತ್ತು, 1960ರಲ್ಲಿ ಸಾರ್ವಜನಿಕರಿಗೆ ತೆರೆದ ಬಿಜೈಯ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯದಂತಹ ಕಟ್ಟಡದಲ್ಲಿ ಆ ಉಪಾಯ ನಡೆಯದು. ಅಲ್ಲಿ ಕಟ್ಟಡವೂ ಒಂದು ಸಂಗ್ರಹಯೋಗ್ಯ ವಸ್ತು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಂತೂ ಕಟ್ಟಡವನ್ನೂ ವಸ್ತುವನ್ನೂ ಬೇರ್ಪಡಿಸುವುದೇ ಅಶಕ್ಯ. ಇಟಲಿಯ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೈಗೊಂಡ ಚಿತ್ರಗಳು ಗೋಡೆಗಳಲ್ಲಿ ಗಾರೆಯೊಡನೆ ಒಂದಾಗಿವೆ, ಮೇಲ್ಚಾವಣಿಯಲ್ಲಿ ತೈಲವರ್ಣದ ಬಟ್ಟೆಯಾಗಿ ಮಾಡಿನ ಕೆಳಗೆ ತೂಗಿವೆ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳಿಗೆ ಚಿಕಿತ್ಸೆ ಮಾಡಿದರು. ಸರಿದ ಒಂದು ಹಂಚು ಇಲ್ಲಿ ಒಬ್ಬ ಸಂತನ ಮುಖವನ್ನೇ ಅಳಿಸಬಲ್ಲದು.

ಮೇಸ್ತ್ರಿಯ ಬಾಯಿಪಾಠವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಹಳೆಯದೇ. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲಿಯೇ, ನಕ್ಷೆಯ ಗೆರೆಗಳಿಗೆ ಬದಲಾಗಿ ಕಟ್ಟಡದ ಒಂದೊಂದು ಅಂಗವನ್ನೂ ಅದರ ಗುಣಲಕ್ಷಣಗಳ ಸಮೇತ ಗಣಕದಲ್ಲಿ ದಾಖಲಿಸುವ ಕ್ರಮವನ್ನು ವಿವರಿಸಿದ್ದನು. ಇಂದು ಅದನ್ನು ಬಿಮ್ ಎನ್ನುತ್ತಾರೆ. ಹೊಸ ಕಟ್ಟಡಕ್ಕೆ ಅದು ಸುಲಭ. ಹಳೆಯ ಕಟ್ಟಡಕ್ಕಾಗಿ ಡಬ್ಲಿನ್ನಿನ ಮಾರಿಸ್ ಮರ್ಫಿ ಮತ್ತು ಸಂಗಡಿಗರು 2009ರ ಸುಮಾರಿಗೆ, ಲೇಸರ್ ಅಳತೆಯ ಬಿಂದುರಾಶಿಗೆ ಹದಿನೆಂಟನೆಯ ಶತಮಾನದ ಶಿಲ್ಪಪುಸ್ತಕಗಳ ಮಾದರಿಗಳನ್ನು ಹೊಂದಿಸಿ ಎಚ್-ಬಿಮ್ ಎಂಬುದನ್ನು ರೂಪಿಸಬೇಕಾಯಿತು. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಅಚ್ಚಿನಿಂದ ಬಂದ ಹಂಚು ಅನುಕೂಲ, ಒಂದನ್ನು ಬರೆದರೆ ಸಾವಿರವನ್ನು ಬರೆದಂತೆ. ಕೆಂಪುಕಲ್ಲಿನ ಗೋಡೆ ಮಾತ್ರ ಉಪದ್ರವ, ಏಕೆಂದರೆ ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲು ಒಂದರಂತೆ ಇನ್ನೊಂದಿಲ್ಲ, ಮೇಲಾಗಿ ಗಾರೆಯ ಒಳಗೆ ಅಡಗಿರುತ್ತದೆ.

ನನಗೆ ಈ ವಿದ್ಯೆಯ ಮೇಲೆ ಅಸಮಾಧಾನವೇನೂ ಇಲ್ಲ. ಯಾವ ಗೋಡೆಗೆ ಯಾವ ಸುಣ್ಣ, ಎಂದು ತೇವ ಬಂತು, ಯಾರು ಒರೆಸಿದರು ಎಂಬುದನ್ನು ಪಡಸಾಲೆಯ ಚಿತ್ರವನ್ನು ಮುಟ್ಟಿದೊಡನೆ ತೋರಿಸುವ ಪುಸ್ತಕ ಯಾವ ಕ್ಯುರೇಟರಿಗೆ ಬೇಡ? ಆದರೆ ಲೇಸರಿನ ಕಿರಣವು ತಾನು ತಾಗಿದ ಮೈಯನ್ನಷ್ಟೇ ಬಲ್ಲದು. ಮಾಡಿನ ಮೇಲೆ ಹಾಯ್ದರೆ ಪಾಚಿ ಹಿಡಿದ ಬೆನ್ನುಗಳು ಮಿಲಿಮೀಟರಿನ ನಿಖರತೆಯಿಂದ ಸಿಕ್ಕುತ್ತವೆ, ಅಡಿಯಲ್ಲಿರುವ ಅಕ್ಷರ ಸಿಕ್ಕುವುದಿಲ್ಲ. ಅದನ್ನು ದಾಖಲೆಗೆ ತರಬೇಕಾದರೆ ಪತ್ತನಾಜೆಗೆ ಮುಂಚೆ ಒಬ್ಬನು ಏಣಿ ಹತ್ತಿ, ಹಂಚನ್ನು ರೀಪಿನಿಂದ ಎಬ್ಬಿಸಿ, ಮಗುಚಿ, ಕೆಳಗೆ ನಿಂತವನಿಗೆ ಕೂಗಿ ಹೇಳಬೇಕು. ಕೆಳಗಿನವನೂ 1865 ಎಂದು ಕೇಳಿದೊಡನೆ ವರ್ಷದ ಅಂಕಣದಲ್ಲಿ ಅದನ್ನೇ ತುಂಬದಷ್ಟು ತಿಳಿದವನಾಗಿರಬೇಕು.