ಯುವಜನ ಸೇವೆಗೆ ತಳಹದಿ ಯಾವುದು? ಬಾನ್‌ಹಾಫರ್‌ರ ದೃಢೀಕರಣ ತರಗತಿಯ ಹಿನ್ನೆಲೆಯಲ್ಲಿ ಒಂದು ಮರುಚಿಂತನೆ

ಕ್ರೈಸ್ತ ಸಭೆಗಳಲ್ಲಿ ಯುವಜನರ ಮಾತು ಬಂದಾಗಲೆಲ್ಲ ಎರಡು ವಿಷಯ ತಪ್ಪದೆ ಕೇಳಿಬರುತ್ತವೆ. ಹುಡುಗರು ಆರಾಧನೆಗೆ ಬರುತ್ತಿಲ್ಲ ಎಂಬ ಆತಂಕ ಒಂದು. ಅವರೇ ನಾಳಿನ ಸಭೆ ಎಂಬ ಭರವಸೆ ಇನ್ನೊಂದು. ಯೂತ್ ಕ್ಯಾಂಪು, ಗಿಟಾರು, ಬೈಬಲ್ ಕ್ವಿಜ್ ಎಲ್ಲವೂ ಈ ಎರಡರ ನಡುವೆ ಹುಟ್ಟುತ್ತವೆ. ಆದರೆ ಆತಂಕವೂ ದೈವಶಾಸ್ತ್ರವಲ್ಲ, ನಾಳೆಯ ಲೆಕ್ಕಾಚಾರವೂ ಅಲ್ಲ. ತನ್ನ ಉಳಿವನ್ನು ಯೋಚಿಸುವ ಯಾವ ಸಂಘವಾದರೂ ಹೀಗೆಯೇ ಮಾತಾಡೀತು. ಯುವಜನ ಸೇವೆಯ ನೆಲೆಯನ್ನು ಯುವಕರ ವಯಸ್ಸಿನಲ್ಲಿ ಹುಡುಕಬಾರದು, ದೀಕ್ಷಾಸ್ನಾನದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಚರಿತ್ರೆಯಲ್ಲಿ ಮೊದಲು ಬಂದದ್ದು ಕಾರ್ಯಕ್ರಮ. 1780ರಲ್ಲಿ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ತೆರೆದದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗಾಗಿ. 1844ರಲ್ಲಿ ಜಾರ್ಜ್ ವಿಲಿಯಮ್ಸ್ ಲಂಡನ್ನಿನಲ್ಲಿ ವೈಎಂಸಿಎ ಕಟ್ಟಿದ್ದು ಹಳ್ಳಿ ಬಿಟ್ಟು ಬಂದ ಅಂಗಡಿ ನೌಕರರಿಗಾಗಿ. 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಆರಂಭಿಸಿದ ಕ್ರಿಶ್ಚಿಯನ್ ಎಂಡೆವರ್ ಸಂಘ ದೇಶ ದೇಶಗಳಿಗೆ ಹಬ್ಬಿತು. ಎಲ್ಲವೂ ಕಾಲದ ಅಗತ್ಯಕ್ಕೆ ಕೊಟ್ಟ ಉತ್ತರಗಳು, ಬೆಲೆಯುಳ್ಳ ಉತ್ತರಗಳೇ. ಇವೆಲ್ಲದರ ಅಡಿಗೆ ಇರಬೇಕಾದ ದೈವಶಾಸ್ತ್ರದ ಪ್ರಶ್ನೆಯನ್ನು ಖಾರವಾಗಿ ಎತ್ತಿದವರು ಜರ್ಮನಿಯ ಡೀಟ್ರಿಶ್ ಬಾನ್‌ಹಾಫರ್.

ಅವರನ್ನು ನಾಜಿ ವಿರೋಧಿ ಹುತಾತ್ಮರೆಂದು ಬಲ್ಲವರು ಬಹಳ; ಹುಡುಗರ ಮೇಷ್ಟರೆಂದು ಬಲ್ಲವರು ಕಡಮೆ. 1930-31ರಲ್ಲಿ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಅವರು ಹಾರ್ಲೆಮ್‌ನ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಮಾಡಿದ್ದರು. ಬರ್ಲಿನ್ನಿಗೆ ಮರಳಿದ ಮೇಲೆ ಝಿಯೋನ್ ಚರ್ಚಿನಲ್ಲಿ ಸುಮಾರು ಐವತ್ತು ಹುಡುಗರ ದೃಢೀಕರಣ ತರಗತಿ ಅವರ ಪಾಲಿಗೆ ಬಂತು. ಕೂಲಿಕಾರರ ಬಡಾವಣೆಯ ಮಕ್ಕಳು. ಮನೆಯಲ್ಲಿ ನಿರುದ್ಯೋಗ, ಬೀದಿಯಲ್ಲಿ ರಾಜಕೀಯದ ಜಗಳ. ಮೊದಲ ದಿನ ಮೆಟ್ಟಿಲ ಮೇಲಿಂದ ಹುಡುಗರು ಅವರ ಹೆಸರನ್ನೇ ಕೂಗಿ ಗದ್ದಲವೆಬ್ಬಿಸಿದರು. ಬಾನ್‌ಹಾಫರ್ ಗದರಲಿಲ್ಲ. ಗೋಡೆಗೊರಗಿ ಸುಮ್ಮನೆ ನಿಂತರು. ಆಮೇಲೆ ಮೆಲುದನಿಯಲ್ಲಿ, ಮುಂದಿನ ಸಾಲಿನವರಿಗಷ್ಟೇ ಕೇಳುವಂತೆ, ಹಾರ್ಲೆಮ್‌ನ ಕಥೆ ಶುರುಮಾಡಿದರು. ಕಥೆ ಕೇಳಲು ಹಿಂದಿನವರು ತಾವಾಗಿಯೇ ಬಾಯಿ ಮುಚ್ಚಿದರು.

ಈ ಪ್ರಸಂಗವನ್ನು ಬೋಧನಾ ಕೌಶಲವೆಂದು ಮೆಚ್ಚಿ ಮುಂದೆ ಹೋಗುವುದು ಸುಲಭ. ಮುಖ್ಯವಾದದ್ದು ಆಮೇಲಿನದು. ಅವರು ಅದೇ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದರು. ಹುಡುಗರು ಸಂಜೆ ಬಂದು ಹೋಗಲು ಬಾಗಿಲು ತೆರೆದಿಟ್ಟರು. ದೃಢೀಕರಣದ ದಿನಕ್ಕೆ ಉಡುಪಿಲ್ಲದವರಿಗೆ ಬಟ್ಟೆ ಕೊಡಿಸಿದರು. 'ಇನ್ನೊಬ್ಬರ ಜಾಗದಲ್ಲಿ ನಿಲ್ಲುವುದು' ಎಂಬ ಅವರ ಕ್ರಿಸ್ತಶಾಸ್ತ್ರದ ಮೂಲಪರಿಕಲ್ಪನೆಗೆ ಇಲ್ಲಿ ಕೈಕಾಲು ಬಂದವು ಎನ್ನಬಹುದು. ಅಮೆರಿಕದ ದೈವಶಾಸ್ತ್ರಜ್ಞ ಆಂಡ್ರೂ ರೂಟ್ ಈ ಎಳೆಯನ್ನೇ ಹಿಡಿದು, ಹುಡುಗರೊಂದಿಗಿನ ಸ್ನೇಹವನ್ನು ಅವರನ್ನು ಒಲಿಸಿಕೊಳ್ಳುವ ಉಪಾಯವಾಗಿ ಬಳಸುವುದನ್ನು ಟೀಕಿಸಿದ್ದಾರೆ. ದೇವರು ಮನುಷ್ಯನಾದದ್ದು ಮನುಷ್ಯರ ಮೇಲೆ ಪ್ರಭಾವ ಬೀರುವ ತಂತ್ರವಾಗಿ ಅಲ್ಲ. ಹಾಗಿರುವಾಗ ಆ ಅವತಾರದ ಹೆಸರು ಹೇಳಿ ನಡೆಯುವ ಸೇವೆಯಲ್ಲಿ ಸ್ನೇಹವೇ ಗಾಳವಾಗುವುದು ವಿಪರ್ಯಾಸ.

ಇದರ ಬೆನ್ನಿಗೇ, 1930ರ ದಶಕದ ಆರಂಭದಲ್ಲಿ, ಸಭೆಯ ಯುವಜನ ಕಾರ್ಯದ ಕುರಿತು ಬಾನ್‌ಹಾಫರ್ ಎಂಟು ಸೂತ್ರಗಳನ್ನು ಬರೆದರು. ಅವುಗಳ ತಿರುಳು ಕಹಿಯಾದದ್ದು: ಯೌವನದ ಹುಮ್ಮಸ್ಸು ಪವಿತ್ರಾತ್ಮನಲ್ಲ, ಸಭೆಯ ಭವಿಷ್ಯ ಯುವಕರಲ್ಲ, ಕ್ರಿಸ್ತನೇ, ಸಭೆಯಲ್ಲಿ ಯುವಕರಿಗೆ ವಿಶೇಷ ಹಕ್ಕಿಲ್ಲ. ಯುವಕರ ಮೇಲಿನ ಮುನಿಸಿನಿಂದ ಹುಟ್ಟಿದ ಮಾತಲ್ಲ ಇದು. ಯೌವನವನ್ನೇ ಪೂಜಿಸಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯೇ ಸಾಕ್ಷಿಯಾಯಿತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಎರಡೇ ದಿನಗಳ ನಂತರ, ಯುವ ಪೀಳಿಗೆ ಮತ್ತು ನಾಯಕತ್ವವನ್ನು ಕುರಿತ ಬಾನ್‌ಹಾಫರ್‌ರ ರೇಡಿಯೋ ಭಾಷಣ ಮುಗಿಯುವ ಮೊದಲೇ ಕಡಿದುಹೋಯಿತು. ಅದೇ ಡಿಸೆಂಬರಿನಲ್ಲಿ ರಾಷ್ಟ್ರ ಬಿಷಪ್ ಲುಡ್ವಿಗ್ ಮ್ಯುಲರ್ ಪ್ರಾಟೆಸ್ಟೆಂಟ್ ಯುವ ಸಂಘಗಳನ್ನು ಹಿಟ್ಲರ್ ಯೂತ್‌ಗೆ ಒಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಹಾಡು, ಶಿಬಿರ, ಬಾವುಟ ಎರಡೂ ಕಡೆ ಇದ್ದವು. ಕಾರ್ಯಕ್ರಮವಷ್ಟೇ ಇದ್ದ ಕಡೆ ಪ್ರತಿರೋಧಕ್ಕೆ ಕಾಲೂರಲು ನೆಲ ಎಲ್ಲಿತ್ತು?

ಹಾಗಾದರೆ ನೆಲ ಯಾವುದು? ದೀಕ್ಷಾಸ್ನಾನ ಪಡೆದವನು ಕ್ರಿಸ್ತನ ದೇಹದ ಅಂಗ. ಅಂಗಕ್ಕೆ 'ನಾಳೆ ಅಂಗವಾಗುತ್ತೀ' ಎಂದು ಹೇಳಲಾಗದು. 2019ರ ಮಾರ್ಚ್ 25ರಂದು ಪೋಪ್ ಫ್ರಾನ್ಸಿಸ್ ಸಹಿ ಮಾಡಿದ 'ಕ್ರಿಸ್ತುಸ್ ವಿವಿತ್' ಪತ್ರವೂ ಯುವಕರು ಸಭೆಯ ವರ್ತಮಾನ ಎಂದೇ ವಾದಿಸುತ್ತದೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡದ ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳಿಗೆ ಈ ವಾದ ಹಾಗೆಯೇ ಒಗ್ಗದು ನಿಜ. ಆದರೆ ಅಲ್ಲಿಯೂ ನೀರಿಗಿಳಿದ ಹದಿನಾರರ ಹುಡುಗಿಗೆ ಸಭೆಯಲ್ಲಿ ಯಾವ ಸ್ಥಾನ ಎಂಬ ಪ್ರಶ್ನೆ ಉಳಿಯುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಕನ್ನಡ ಸಭೆಗಳಿಗಂತೂ ದೃಢೀಕರಣ ಚಿರಪರಿಚಿತ. ಅದು ಒಳಗೆ ಕಾಲಿಡುವ ದಿನವೋ, ಹೊಸ ಬಟ್ಟೆ ತೊಟ್ಟು ಬೀಳ್ಕೊಳ್ಳುವ ದಿನವೋ ಎಂದು ಸಭಾಪಾಲಕರು ತಮ್ಮನ್ನೇ ಕೇಳಿಕೊಳ್ಳಬೇಕು.

ಯುವಕರನ್ನು ಇಂದಿನ ಅಂಗವೆಂದು ಕಾಣುವುದು ಹೇಗೆಂಬುದಕ್ಕೆ ಬೈಬಲಿನಲ್ಲೇ ಒಂದು ಚಿತ್ರವಿದೆ. ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯ ಯುವಜನ ಸಭೆಗಳಲ್ಲಿ ಪದೇಪದೇ ಬಳಕೆಯಾಗುವ ಭಾಗ. ರಾತ್ರಿ ಕೂಗು ಕೇಳಿದ ಹುಡುಗ ಸಮುವೇಲ ಮೂರು ಸಲ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಕರೆದವನು ದೇವರೆಂದು ಕೊನೆಗೆ ಗುರುತಿಸಿದವನು ಕಣ್ಣು ಮಂಜಾದ ಆ ಮುದುಕ. ಪ್ರಸಂಗಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಅಧ್ಯಾಯ ನಿಲ್ಲುವುದಿಲ್ಲ. ಹುಡುಗನಿಗೆ ದೊರೆತ ಸಂದೇಶ ಏಲಿಯ ಮನೆತನದ ಮೇಲಿನ ತೀರ್ಪಾಗಿತ್ತು. ಹೇಳಲು ಅವನು ಹೆದರಿದ. ಬೆಳಗಾದ ಮೇಲೆ ಏನನ್ನೂ ಮುಚ್ಚಿಡಬೇಡವೆಂದು ಕೇಳಿ ಹೇಳಿಸಿಕೊಂಡವನು ಏಲಿಯೇ.